ಸಿಡಿಯದ ಗುಂಡು

ಎರಡನೆಯ ಮಹಾಯುದ್ಧ ಮುಗಿದ ವರ್ಷ ಸಿದ್ರಾಮಪ್ಪ ಹೊಳೆದಂಡೆಯ ಮಠಕ್ಕೆ ಬಂದು ಶಿಷ್ಯನಾದ. ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಅವನು ಇಂಗ್ಲೆಂಡಿನಲ್ಲಿ ಟ್ಯಾಂಕಿನ ತೋಪುಗಳ ನಕ್ಷೆ ಬರೆಯುತ್ತಿದ್ದ ಇಂಜಿನಿಯರು.

ಓದಿದವನು, ಬೇಗ ಕಲಿಯುತ್ತಾನೆ ಎಂದುಕೊಂಡಿದ್ದರು ಎಲ್ಲರೂ. ಆದರೆ ಅವನ ಆರು ತಿಂಗಳ ಧ್ಯಾನ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗಿತ್ತು. ಕಣ್ಣು ಮುಚ್ಚಿದರೆ ಹೆದರಿಕೆ.

ಒಂದು ಬೆಳಿಗ್ಗೆ, ಮಠದ ಜೋಳದ ಹೊಲ ಕಾಯುತ್ತಿದ್ದ ಗುರು ನಿಜಗುಣಯ್ಯನವರ ಮುಂದೆ ಅವನು ಒಂದು ಕಾಗದ ಇಟ್ಟ.

"ಅಜ್ಜಾರ, ಪೊಲಾರ್ಡ್ ಅಂತ ಒಬ್ಬ ಸಿಪಾಯಿ ನಮ್ಮ ತೋಪು ಪರೀಕ್ಷಾ ಮಾಡತಿದ್ದ. ಯುದ್ಧದಾಗ, ಉಸುಕಿನ ದಿಬ್ಬದ ಹಿಂದ ಅಡಗಿ ಕೂತವರು ಅವನ ಟ್ಯಾಂಕಿಗೆ ಹೊಡದ್ರು. ಒಳಗ ಸುಟ್ಟು ಸತ್ತ. 'ನನ್ನ ಗಂಡ ಅಷ್ಟು ದೊಡ್ಡ ಗುರಿಕಾರ, ಕೈಯಾಗ ತೋಪಿತ್ತು, ಆದರೂ ಯಾಕ ಸತ್ತ?' ಅಂತ ಅವನ ಹೆಂಡತಿ ಕೇಳ್ಯಾಳ. ಏನು ಬರೀಲಿ?"

"ತೋಪು ಹೆಂಗಿತ್ತು?"

ಸಿದ್ರಾಮಪ್ಪನ ಮುಖ ಅರಳಿತು. ಹೆತ್ತವರಿಗೆ ಹೆಗ್ಗಣ ಮುದ್ದು.

"ಏನ್ ಹೇಳಲಿ ಅಜ್ಜಾರ! ಟ್ಯಾಂಕು ಓಡತಿದ್ದಾಗನ ಪೊಲಾರ್ಡ್ ತೋಪಿಗೆ ಹೆಗಲು ಕೊಟ್ಟು ಏರಿಸಿ ಇಳಿಸಿ ಹೊಡೀತಿದ್ದ. ಒಳಗ ಸಿಡಿಮದ್ದಿಲ್ಲದ ಗಟ್ಟಿ ಉಕ್ಕಿನ ಗುಂಡು. ಮುಂದ ನಿಲ್ಲಿಸಿದ ಉಕ್ಕಿನ ಹಲಗಿ ಎಲ್ಲಾ ತೂತು. ತೋಪಿನ್ಯಾಗ ದೋಷ ಇರಲಿಲ್ರಿ."

ಗುರು ಕವಣೆಯನ್ನೂ ಹೊಳೆಯ ಒಂದು ನುಣುಪು ಕಲ್ಲನ್ನೂ ಅವನ ಕೈಗಿತ್ತರು. ಹೊಲದ ನಡುವೆ ಗಿಣಿಗಳ ಹಿಂಡು ತೆನೆಗಳ ಮರೆಯಲ್ಲಿ ಕೂತು ತಿನ್ನುತ್ತಿತ್ತು.

"ಎಬ್ಬಸು."

ಸಿದ್ರಾಮಪ್ಪ ಬೀಸಿದ. ಕಲ್ಲು ನೇರ ಹೋಗಿ ಮಣ್ಣಿನಲ್ಲಿ ಹೂತುಕೊಂಡಿತು. ಒಂದು ಗಿಣಿ ಕತ್ತೆತ್ತಿ ನೋಡಿ ಮತ್ತೆ ತಿನ್ನತೊಡಗಿತು.

ಗುರು ಒಣಮಣ್ಣಿನ ಹೆಂಟೆಯೊಂದನ್ನು ಕವಣೆಗಿಟ್ಟು ಬೀಸಿದರು. ಅದು ದಂಟುಗಳಿಗೆ ಬಡಿದು, ಪುಡಿಯಾಗಿ ಸುತ್ತಲೂ ಸಿಡಿಯಿತು. ಹಿಂಡಿಗೆ ಹಿಂಡೇ ಎದ್ದು ಹೋಯಿತು.

"ಇದು ನಿಮ್ಮ ದೊಡ್ಡ ಕಾರ್ಖಾನ್ಯಾಗ ಒಬ್ಬರಿಗೂ ಹೊಳೀಲಿಲ್ಲೇನೋ?"

ಸಿದ್ರಾಮಪ್ಪ ಬದುವಿನ ಮೇಲೆ ಕೂತ.

"ಪೊಲಾರ್ಡಗ ಹೊಳದಿತ್ರಿ. 'ಎದುರಿಗೆ ಟ್ಯಾಂಕ ಬರತದಂತ ಏನು ಖಾತ್ರಿ? ತಗ್ಗಿನ್ಯಾಗ ಮಂದಿ ಅಡಗಿ ಕೂತರ ಏನು ಹೊಡೀಲಿ? ಸಿಡಿಯೋ ಗುಂಡು ಮಾಡಿಕೊಡ್ರಿ' ಅಂದ. ಅದು ಟ್ಯಾಂಕಿನ ಕೆಲಸಲ್ಲ, ಹಿಂದ ದೂರ ನಿಂತ ದೊಡ್ಡ ತೋಪಿನವರು ನೋಡಕೋತಾರ ಅಂದೆ. ನಕ್ಕೆ ಸೈತ."

ಅವನಿಗೆ ಅಳು ಬಂತು. ಇಷ್ಟು ವರ್ಷ ಈ ಮಾತನ್ನು ಯಾರ ಮುಂದೆಯೂ ಆಡಿರಲಿಲ್ಲ. ಕಣ್ಣೊರೆಸಿಕೊಂಡು ಕೇಳಿದ.

"ಆವಾಗ ದೊಡ್ಡ ದೊಡ್ಡವರೂ ಹಂಗ ಅಂತಿದ್ರು ಅಂತ ಬರೀಲೇನ್ರಿ? ಅದು ಖರೇನೂ ಅದ."

ಗುರು ಕಾಗದವನ್ನು ಮಡಚಿ ಅವನ ಕೈಗೆ ಕೊಟ್ಟರು.

"'ಅವ ಕೇಳಿದ್ದ, ನಾ ಕೊಡಲಿಲ್ಲ' ಅಂತ ಬರಿ. ಅದರ ಕೆಳಗ ಮತ್ತೊಂದು ಸಾಲು ಬರೀಬ್ಯಾಡ."