ಸಣ್ಣನಂಜಜ್ಜಿಯ ಐದು ಕಾಳು

ಬಹಳ ಹಿಂದೆ, ರಾಗಿ ಬೆಳೆಯುವ ಒಂದು ಊರಿನಲ್ಲಿ, ಸಣ್ಣನಂಜಜ್ಜಿ ಎಂಬ ಮುದುಕಿ ಇದ್ದಳಂತೆ. ಯಾವ ಕಾಲ, ಯಾವ ದೊರೆ ಎಂದು ಕೇಳಬೇಡಿ. ಅದು ಯಾರಿಗೂ ತಿಳಿಯದು. ತಾಯಂದಿರು ಕಳೆ ತೆಗೆಯಲು ಹೊಲಕ್ಕೆ ಹೋದರೆ ಊರಿನ ಚಿಕ್ಕ ಮಕ್ಕಳೆಲ್ಲ ಅವಳ ಜಗಲಿಯ ಮೇಲೆ. ಒಬ್ಬಳೇ ನೂರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳಂತೆ. ನೂರು ಅಲ್ಲ, ಇಪ್ಪತ್ತು ಇದ್ದೀತು, ಹೇಳುವವರು ಬೆಳೆಸುತ್ತಾರೆ. ಆದರೆ ಒಂದು ಮಗುವಿನ ಮೂಗಿನಲ್ಲೂ ಸಿಂಬಳ ಇರುತ್ತಿರಲಿಲ್ಲ ಎಂಬುದನ್ನು ಎಲ್ಲರೂ ಒಪ್ಪುತ್ತಾರೆ.

ಮಗುವಿಗೆ ಐದು ವರ್ಷ ತುಂಬಿದ ದಿನ ಅಜ್ಜಿ ಅದರ ಮುಂದೆ ಒಂದು ಮೊರ ಇಡುತ್ತಿದ್ದಳು. ಮೊರದಲ್ಲಿ ಅವರೆ, ತೊಗರಿ, ಜೋಳ, ಹರಳು ಬೀಜ, ಹುಣಸೆ ಬೀಜ, ಐದೂ ಬೆರೆತಿರುತ್ತಿದ್ದವು. "ಓರಣ ಮಾಡು ಮಗಾ" ಎನ್ನುತ್ತಿದ್ದಳು. ಅಷ್ಟೇ. ಮಗು ಐದು ಗುಡ್ಡೆ ಮಾಡಿದರೆ ಅಕ್ಷರ ಕಲಿಯಲು ಐಗಳ ಮಠಕ್ಕೆ. ಮಾಡದಿದ್ದರೆ "ಇವನು ಬೇಡ" ಎನ್ನುತ್ತಿದ್ದಳು, ಅವನು ಕುರಿಯ ಹಿಂದೆ. ಅಜ್ಜಿಯ ಲೆಕ್ಕ ತಪ್ಪಿದ್ದೇ ಇಲ್ಲ ಎನ್ನುತ್ತಿತ್ತು ಊರು. ಅಜ್ಜಿಯೂ ಹಾಗೆಯೇ ನಂಬಿದ್ದಳು.

ಒಂದು ವರ್ಷ ಈರಕ್ಕನ ಮಗ ಪುಟ್ಟಬೋರನ ಸರದಿ ಬಂತು. ಅವನ ಸೋದರಮಾವ ಕಂಬಳಿ ಹೊದ್ದು ಬಾಗಿಲಲ್ಲೇ ನಿಂತಿದ್ದ. ಹುಡುಗ ಬೇಡವಾದರೆ ಆಗಲೇ ಕರೆದುಕೊಂಡು, ಮಂದೆಯ ಜೊತೆ ದೂರದ ಸೀಮೆಗೆ ಹೊರಡುವವನು. ಮತ್ತೆ ತಾಯಿಯ ಮುಖ ಕಾಣುವುದು ಎಂಟು ತಿಂಗಳಿಗೆ.

ಪುಟ್ಟಬೋರ ಮೊರವನ್ನು ಜಗಲಿಗೆ ಸುರಿದ. ಗುಡ್ಡೆ ಮಾಡಲಿಲ್ಲ. ಒಂದು ಅವರೆ, ಒಂದು ಜೋಳ, ಒಂದು ತೊಗರಿ, ಮತ್ತೆ ಒಂದು ಅವರೆ, ಒಂದು ಜೋಳ, ಹೀಗೆ ಉದ್ದಕ್ಕೆ ಸಾಲು ಇಟ್ಟ. ಒಂದು ಗೇಣು ಬಿಟ್ಟು ಇನ್ನೊಂದು ಸಾಲು. ಹರಳನ್ನು ಸುತ್ತಲೂ ಇಟ್ಟ. ಹುಣಸೆ ಬೀಜಗಳನ್ನೆಲ್ಲ ಬೀದಿಗೆ ಎಸೆದ.

"ಆಯ್ತೇನಜ್ಜಿ? ಎಲ್ಲಾ ಕಲಸಿಬಿಟ್ಟ. ಕುರಿಗಳಾದರೂ ಇವನಿಗಿಂತ ವಾಸಿ, ಬೀಜ ಬಿಸಾಕೋದಿಲ್ಲ" ಎಂದ ಸೋದರಮಾವ.

"ನೀನು ಸುಮ್ಮನಿರಣ್ಣ. ಅಜ್ಜಿ, ಇನ್ನೊಂದು ಸಲ ನೋಡವ್ವ" ಎಂದಳು ಈರಕ್ಕ.

ಅಜ್ಜಿ ನೋಡಿದಳು. ಐದು ಗುಡ್ಡೆ ಇರಲಿಲ್ಲ, ಆದ್ದರಿಂದ ತಪ್ಪು. ಆದರೆ ಒಂದು ಕಾಳೂ ಸಾಲು ಬಿಟ್ಟಿರಲಿಲ್ಲ, ಆದ್ದರಿಂದ ತಪ್ಪು ಎನ್ನಲೂ ಬಾಯಿ ಬರಲಿಲ್ಲ. ಈ ಕಡೆಯಿಂದ ನೋಡಿದಳಂತೆ, ಆ ಕಡೆಯಿಂದ ನೋಡಿದಳಂತೆ. ತಲೆ ಕೆಟ್ಟುಹೋಯಿತು. ಕೊನೆಗೆ, ಅಷ್ಟು ವರ್ಷಗಳಲ್ಲಿ ಯಾವ ಮಗುವನ್ನೂ ಕೇಳದ ಮಾತು ಕೇಳಿದಳು. "ಇದೇನು ಮಾಡಿದ್ದೀಯ ಮಗಾ?"

"ನಮ್ಮ ಹೊಲ" ಎಂದ ಹುಡುಗ. "ಖಾಲಿ ಬಿಟ್ಟಿರೋದು ರಾಗಿ. ಅದರ ನಡುವೆ ಅವರೆ, ಜೋಳ, ತೊಗರಿಯ ಅಕ್ಕಡಿ ಸಾಲು. ಬದುವಿಗೆ ಹರಳು. ಹುಣಸೇನ ಯಾರಜ್ಜಿ ಹೊಲದಲ್ಲಿ ಬಿತ್ತುತ್ತಾರೆ?"

ಸೋದರಮಾವ ಒಬ್ಬನೇ ಮಂದೆಯ ಕಡೆ ಹೊರಟನಂತೆ. ಈರಕ್ಕ ಮಗನನ್ನು ಎತ್ತಿಕೊಂಡು ಮಠಕ್ಕೆ ಓಡಿದಳಂತೆ. ಕೆಲವರು ಕಥೆಯನ್ನು ಇಲ್ಲಿಗೇ ಮುಗಿಸಿ, ಹುಡುಗ ದಿವಾನನಾದ ಎನ್ನುತ್ತಾರೆ. ಅದು ಸರಿಯಲ್ಲ. ಅವನು ಏನಾದನೋ ಯಾರಿಗೂ ಗೊತ್ತಿಲ್ಲ, ಕಥೆಯೂ ಅಲ್ಲಿಗೆ ಮುಗಿಯುವುದಿಲ್ಲ.

ಅಜ್ಜಿಗೆ ಅಂದು ಅನ್ನ ಸೇರಲಿಲ್ಲ. ಇವನೊಬ್ಬನನ್ನು ಕೇಳಿದೆ, ಉಳಿದವರನ್ನು ಕೇಳಲಿಲ್ಲವಲ್ಲ! ಅವರೂ ಹೊಲ ಇಟ್ಟಿದ್ದರೋ, ಮನೆ ಇಟ್ಟಿದ್ದರೋ, ಸುಮ್ಮನೆ ಚೆಲ್ಲಿದ್ದರೋ? ಒಬ್ಬರ ಸಾಲೂ ಅವಳಿಗೆ ನೆನಪಾಗಲಿಲ್ಲ. ಗುಡ್ಡೆ ಇಲ್ಲದ್ದು ಮಾತ್ರ ನೆನಪಿತ್ತು.

ಮರುದಿನ ಬೆಳಿಗ್ಗೆ ಮೊರ ಹಿಡಿದು ಹಗ್ಗ ಹೊಸೆಯುವ ಕಾಡಪ್ಪನ ಮನೆಗೆ ಹೋದಳು. ಅವಳು ಬೇಡ ಎಂದ ಮೊದಲನೆಯ ಮಗು ಅವನು. ಈಗ ಮೀಸೆ ನೆರೆತಿತ್ತು.

"ಕಾಡಪ್ಪ, ಅವತ್ತು ಕಾಳನ್ನು ಹೇಗಿಟ್ಟಿದ್ದೆ?"

"ಯಾವತ್ತಜ್ಜಿ?"

"ನಿನಗೆ ಐದು ತುಂಬಿದಾಗ."

ಕಾಡಪ್ಪ ನಕ್ಕುಬಿಟ್ಟ. "ಬೆಳಿಗ್ಗೆ ಉಂಡಿದ್ದೇ ನೆನಪಿರೋದಿಲ್ಲ ನನಗೆ!" ಎಂದ. ಆಮೇಲೆ ಹಗ್ಗ ಕೆಳಗಿಟ್ಟ. "ಇಟ್ಟಿದ್ದು ನೆನಪಿಲ್ಲಜ್ಜಿ. ನೀನು 'ಇವನು ಬೇಡ' ಅಂದದ್ದು ನೆನಪಿದೆ."

ಅಜ್ಜಿ ನೆಲದ ಮೇಲೆ ಕೂತು ಮೊರವನ್ನು ಅವನ ಮುಂದೆ ತಳ್ಳಿದಳಂತೆ. ಅವನು ಒರಟು ಬೆರಳುಗಳಿಂದ ಒಂದೊಂದೇ ಕಾಳು ಇಡತೊಡಗಿದನಂತೆ. ಅಲ್ಲಿಂದ ಇನ್ನೊಂದು ಮನೆ, ಮತ್ತೊಂದು ಮನೆ. ಹದಿನೆಂಟು ಮನೆ ಎನ್ನುವವರಿದ್ದಾರೆ, ನಲವತ್ತು ಎನ್ನುವವರಿದ್ದಾರೆ. ಎಲ್ಲ ಮುಗಿಸಿದಳೋ ಇಲ್ಲವೋ ಯಾರೂ ಅರಿಯರು.

ಆ ಊರಿನಲ್ಲಿ ಇಂದಿಗೂ ಮಗುವನ್ನು ಮೊದಲ ಸಲ ಶಾಲೆಗೆ ಕಳಿಸುವ ದಿನ, ಮನೆಯಲ್ಲಿ ಓದದೆ ಉಳಿದ ಹಿರಿಯರ ಮುಂದೆ ಮೊರ ಇಡುತ್ತಾರೆ. ಅವರು ತಮಗೆ ತೋಚಿದಂತೆ ಕಾಳು ಇಡುತ್ತಾರೆ. ಇದೇನು ಮಾಡಿದ್ದೀರಿ ಎಂದು ಮನೆಮಂದಿಯೆಲ್ಲ ಕೂತು ಕೇಳುತ್ತಾರೆ. ಅವರು ಹೇಳಿ ಮುಗಿಸುವವರೆಗೆ ಮಗು ಹೊಸಿಲು ದಾಟುವಂತಿಲ್ಲ. ಕೆಲವರು ಬಹಳ ಹೊತ್ತು ಹೇಳುತ್ತಾರಂತೆ. ಅಂಥ ಮನೆಯ ಮಕ್ಕಳು ತಡವಾಗಿ ಬಂದರೆ, ಆ ಊರಿನ ಶಾಲೆಯಲ್ಲಿ ಯಾರೂ ಗದರುವುದಿಲ್ಲ.