ವೈಕುಂಠಯ್ಯನ ಎಂಜಲು

ನದಿ ಬಳಸಿಕೊಂಡು ಹರಿಯುವ ಕಡೆ ಒಂದು ಆಶ್ರಮ. ಅಲ್ಲಿ ದಿನಾ ಸಂಜೆ ಗ್ರಂಥ ಓದುತ್ತಿದ್ದವನು ವೈಕುಂಠಯ್ಯ. ಗುರುಗಳಿಗೆ ಕಣ್ಣು ಮಂಜಾಗಿ ಇಪ್ಪತ್ತು ವರ್ಷವಾಗಿತ್ತು. ಅವನು ಓದಿದರೆ ಅವರಿಗೆ ಗ್ರಂಥ, ಇಲ್ಲದಿದ್ದರೆ ಇಲ್ಲ.

ಒಳ್ಳೆಯವನೇ. ಆದರೆ ಎಂಜಲು ಅಂದರೆ ಉರಿದು ಬೀಳುತ್ತಿದ್ದ. ನೀರನ್ನು ಒಂದು ಗೇಣು ಮೇಲಿಂದ ಎತ್ತಿ ಕುಡಿಯುತ್ತಿದ್ದನೇ ಹೊರತು ಲೋಟಕ್ಕೆ ತುಟಿ ತಾಗಿಸಿದವನಲ್ಲ. ಬೇರೆಯವರು ಕಚ್ಚಿ ಕುಡಿದ ಲೋಟವನ್ನು ಮೂರು ಸಲ ತೊಳೆಸುತ್ತಿದ್ದ. ನೀರು ಪಾಪ, ನದಿಯಲ್ಲಿ ಬೇಕಾದಷ್ಟಿತ್ತು.

ನದಿಯ ತೇವಕ್ಕೆ ಗ್ರಂಥದ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಬೆರಳು ಒದ್ದೆ ಮಾಡಿಕೊಳ್ಳಲು ವೈಕುಂಠಯ್ಯ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಇಟ್ಟುಕೊಂಡಿರುತ್ತಿದ್ದ. ಒಂದು ಸಂಜೆ ಬಟ್ಟೆ ಮರೆತು ಬಂದಿದ್ದ. ಹಾಳೆ ಬಿಡಿಸಲು ಒದ್ದಾಡುತ್ತಿದ್ದುದನ್ನು ನೋಡಿ, ಆಶ್ರಮಕ್ಕೆ ಹೂ ಕಟ್ಟಿ ತರುವ ಸಾತಮ್ಮ ಮುಂದೆ ಬಂದಳು. ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಹಾಳೆ ತಿರುಗಿಸಿಕೊಟ್ಟಳು.

“ಏನಮ್ಮಾ ಇದು! ದೇವರ ಪುಸ್ತಕಕ್ಕೆ ಎಂಜಲು ಹಚ್ತೀಯಲ್ಲ!”

ಓದು ಕೇಳಲು ಕೂತಿದ್ದ ಅಷ್ಟು ಜನರ ಎದುರಿಗೆ ವೈಕುಂಠಯ್ಯ ಅಂದುಬಿಟ್ಟ. ಅವತ್ತಿನಿಂದ ಸಾತಮ್ಮ ಬಾಗಿಲ ಹತ್ತಿರ ಕೂರತೊಡಗಿದಳು.

ಮುಂದಿನ ವರ್ಷ ವೈಕುಂಠಯ್ಯನ ನಾಲಿಗೆಯ ಬುಡದಲ್ಲಿ ಗಂಟು ಕಾಣಿಸಿತು. ಕ್ಯಾನ್ಸರ್. ಪಟ್ಟಣದ ಆಸ್ಪತ್ರೆಯಲ್ಲಿ ಮೂವತ್ತಮೂರು ಸಲ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಜನ ಹಾಗೇ ಅನ್ನುವುದು. ಗಂಟು ಕರಗಿತು, ಜೀವ ಉಳಿಯಿತು.

ಬಾಯಿ ಮಾತ್ರ ಒಣಗಿಹೋಯಿತು. ಎಂಜಲು ಊರುವುದೇ ನಿಂತಿತು. ಅನ್ನ ಇಳಿಯದು, ನಾಲ್ಕು ಮಾತಾಡಿದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುವುದು.

ಆದರೂ ಬಂದು ಗ್ರಂಥದ ಮುಂದೆ ಕೂತ. ಐದು ಸಾಲಿಗೆ ಸ್ವರ ಸಿಕ್ಕಿಕೊಂಡಿತು.

“ಸ್ವಲ್ಪ ನೀರು ಕುಡಿಯಪ್ಪ,” ಅಂದರು ಗುರುಗಳು.

“ಎತ್ತಿ ಕುಡಿದರೆ ನೆತ್ತಿಗೇರುತ್ತೆ ಗುರುಗಳೇ. ಕಚ್ಚಿ ಕುಡಿಯೋಣ ಅಂದ್ರೆ ಮುಂದೆ ಗ್ರಂಥ ಇದೆ, ಎಂಜಲಾಗುತ್ತೆ.”

“ಮತ್ತೆ ದವಡೆಯಲ್ಲಿ ಏನೋ ಕಟಕಟ ಅನ್ನುತ್ತಲ್ಲ, ಏನಿಟ್ಕೊಂಡಿದ್ದೀಯ?”

“ಕಲ್ಲುಸಕ್ಕರೆ. ನೈವೇದ್ಯದ್ದು. ಬಾಯಿ ಆರದ ಹಾಗೆ ನೋಡ್ಕೊಳ್ಳುತ್ತೆ.”

ಬೆಳಗ್ಗೆ ಒಂದು ಹರಳು, ಅದು ಕರಗಿದ ಮೇಲೆ ಇನ್ನೊಂದು, ಹೀಗೆ ದಿನವಿಡೀ. ಪ್ರಸಾದವಲ್ಲವೇ, ಅದರಿಂದ ಕೆಡುಕೇನು ಎಂದುಕೊಂಡಿದ್ದ.

ಮೂರು ತಿಂಗಳಿಗೆ ನಾಲ್ಕು ಹಲ್ಲುಗಳ ಬುಡ ಕಂದು ತಿರುಗಿತು. ಹಲ್ಲಿನ ಡಾಕ್ಟರಮ್ಮನನ್ನು ಕಂಡು ಬಂದವನು ಗುರುಗಳ ಮುಂದೆ ಕುಸಿದು ಕೂತ.

“ಎಂಜಲೇ ಹಲ್ಲನ್ನ ಕಾಯೋದಂತೆ ಗುರುಗಳೇ. ತಿಂದ ಸಿಹಿ ಹುಳಿ ಎಲ್ಲಾನೂ ಅದು ತೊಳೀತಾನೇ ಇರುತ್ತಂತೆ. ಅದಿಲ್ಲದ ಬಾಯಲ್ಲಿ ಸಕ್ಕರೆ ಇಟ್ಕೊಂಡ್ರೆ ಹಲ್ಲು ಉಳಿಯಲ್ವಂತೆ.”

“ಹಾಳಾದ ಹಲ್ಲು ಕೀಳಿಸಿದ್ರೆ ಆಯ್ತಪ್ಪ.”

“ಅದೇ ಭಯ. ಕರೆಂಟು ಬಿದ್ದ ದವಡೆ. ಹಲ್ಲು ಕಿತ್ತರೆ ಗಾಯ ಮಾಯದೇ ಮೂಳೆಗೇ ಇಳಿಯಬಹುದು ಅಂದ್ರು. ದವಡೆ ಹೋದರೆ ನಾನು ಓದೋದು ಹೇಗೆ? ನಿಮಗೆ ಓದಿ ಹೇಳೋರು ಯಾರು?”

ಗುರುಗಳು ಅವನ ಕೈ ಹಿಡಿದುಕೊಂಡರು.

“ಡಾಕ್ಟರಮ್ಮ ಏನು ಮಾಡು ಅಂದ್ರು?”

“ಹುಳುಕು ಹತ್ತಿದ ನಾಲ್ಕಕ್ಕೂ ಸಿಮೆಂಟು ತುಂಬಿದ್ದಾರೆ. ಆಗಾಗ ಒಂದೊಂದು ಗುಟುಕು ನೀರು ಕುಡೀಬೇಕು. ಊಟ ಆದಮೇಲೆ ಉಪ್ಪು, ಅಡುಗೆ ಸೋಡಾ ಹಾಕಿದ ನೀರಲ್ಲಿ ಮುಕ್ಕಳಿಸ್ಬೇಕು. ಮಲಗೋ ಮುಂಚೆ ಹಲ್ಲಿಗೆ ಫ್ಲೋರೈಡ್ ಹಚ್ಚಬೇಕು. ಆಮೇಲೆ…”

“ಆಮೇಲೆ?”

ವೈಕುಂಠಯ್ಯ ನಾಚಿಕೊಂಡು ಜುಬ್ಬದ ಜೇಬಿನಿಂದ ಒಂದು ಸಣ್ಣ ಪೊಟ್ಟಣ ತೆಗೆದ.

“ಚೂಯಿಂಗ್ ಗಮ್. ಸಕ್ಕರೆ ಇಲ್ಲದ್ದು. ಅಗೀತಾ ಇದ್ದರೆ ಒಳಗೆ ಏನಾದರೂ ಎಂಜಲು ಉಳಿದಿದ್ರೆ ಊರುತ್ತಂತೆ. ಆಶ್ರಮದಲ್ಲಿ ಕೂತು ಇದನ್ನ ಅಗಿಯೋದಾ? ನದಿಗೆ ಎಸೆದುಬಿಡ್ತೀನಿ.”

ಗುರುಗಳು ಕೈ ಚಾಚಿ ಒಂದು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಅವರಿಗೆ ಉಳಿದಿದ್ದದ್ದು ಮೂರೇ ಹಲ್ಲು. ಬಹಳ ಹೊತ್ತು ಅಗಿದರು. ವೈಕುಂಠಯ್ಯ ಬಾಯಿ ಬಿಟ್ಟುಕೊಂಡು ನೋಡಿದ.

“ಪರವಾಗಿಲ್ಲ. ಪುದೀನ ಹಾಕಿದ್ದಾರೆ. ನೀನೂ ಅಗಿ.”

ಆಮೇಲೆ ಕಲ್ಲುಸಕ್ಕರೆಯ ಡಬ್ಬಿ ತರಿಸಿ ಅಂಗಳದ ಇರುವೆಗೂಡಿನ ಪಕ್ಕ ಸುರಿದರು.

“ಗುರುಗಳೇ, ಪ್ರಸಾದ!”

“ಇವಕ್ಕೂ ಪ್ರಸಾದವೇ. ಹಲ್ಲಿನ ಯೋಚನೆಯೂ ಇಲ್ಲ.”

ಅವತ್ತು ಸಂಜೆ ಗುರುಗಳು ತಾವೇ ತಡವರಿಸಿಕೊಂಡು ಒಂದು ಲೋಟ ನೀರು ತಂದರು. ತಂದು ವ್ಯಾಸಪೀಠದ ಮೇಲೆ, ಗ್ರಂಥಕ್ಕೆ ತಾಗುವ ಹಾಗೆ ಇಟ್ಟರು.

ವೈಕುಂಠಯ್ಯ ಹೌಹಾರಿದ. “ಎಂಜಲಾಗುತ್ತೆ ಗುರುಗಳೇ!”

“ನಿನ್ನ ಬಾಯಲ್ಲಿ ಎಂಜಲಿದೆಯೇನಯ್ಯಾ?”

“ಇಲ್ಲ.”

“ಇಲ್ಲದ್ದು ಹೇಗಯ್ಯಾ ಹತ್ತುತ್ತೆ? ಕುಡಿ.”

ಬಾಗಿಲ ಹತ್ತಿರ ಸಾತಮ್ಮ ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವೈಕುಂಠಯ್ಯ ಆ ಕಡೆ ನೋಡಿದ, ಲೋಟ ನೋಡಿದ. ಐವತ್ತೆಂಟನೇ ವಯಸ್ಸಿನಲ್ಲಿ ಮೊದಲ ಸಲ ಲೋಟಕ್ಕೆ ತುಟಿ ಇಟ್ಟ.

ಒಂದು ಗುಟುಕು, ಐದು ಸಾಲು. ಮತ್ತೊಂದು ಗುಟುಕು, ಮತ್ತೆ ಐದು ಸಾಲು. ಹಾಗೂ ಹೀಗೂ ಅಧ್ಯಾಯ ಮುಗಿಯಿತು.

ಮಧ್ಯೆ ಎರಡು ಸಲ ಲೋಟ ಬರಿದಾಯಿತು. ಎರಡು ಸಲವೂ ಬಾಗಿಲಿನಿಂದ ಎದ್ದು ಬಂದು ತುಂಬಿಸಿದವಳು ಸಾತಮ್ಮ. ಮರುದಿನವೂ ಅವಳೇ ತುಂಬಿಸಿದಳು. ಯಾರೂ ಅವಳಿಗೆ ಹೇಳಿರಲಿಲ್ಲ.

ಎಂಟನೇ ದಿನ ವೈಕುಂಠಯ್ಯ ಓದನ್ನು ನಡುವೆ ನಿಲ್ಲಿಸಿದ. ಜನರೆಲ್ಲ ಇದ್ದರು. ಅವತ್ತು ಅವನು ಬೈಯುವಾಗಲೂ ಇದ್ದವರೇ.

“ಸಾತಮ್ಮ, ಅವತ್ತು ನೀನು ಹಾಳೆ ತಿರುಗಿಸಿದ್ದು ನನಗೋಸ್ಕರ. ನಾನು ಆಡಬಾರದ ಮಾತು ಆಡಿದೆ. ತಪ್ಪಾಯ್ತು ಕಣಮ್ಮ.”

“ಅಯ್ಯೋ ಬುಡಿ ಅಯ್ನೋರೇ. ಲೋಟ ಕಾಲಿ ಆಯ್ತು, ಇತ್ಲಾಗ್ ಕೊಡಿ.”

ಅವನ ಕಣ್ಣು ತುಂಬಿತು. ಬಾಯಿ ಒಣಗಿದ್ದರೂ ಕಣ್ಣಿಗೆ ಅಂಥ ಬರ ಬಂದಿರಲಿಲ್ಲ. ಸಾತಮ್ಮ ಅಂದಿನಿಂದ ಮುಂದೆ ಬಂದು ಕೂತಳು, ಲೋಟ ತುಂಬಿಸಲು ಹತ್ತಿರವಾಗುತ್ತದೆ ಎಂದು ನೆಪ ಹೇಳಿ.

ಒಂದು ದಿನ ಅವನು ಗುರುಗಳ ಹತ್ತಿರ ಹೇಳಿಕೊಂಡ. “ಎಂಜಲು ಅಷ್ಟು ವರ್ಷ ಬಾಯಲ್ಲೇ ಇತ್ತು ಗುರುಗಳೇ. ಒಂದೊಂದು ತುತ್ತೂ ಅದರಿಂದಲೇ ಇಳೀತಿತ್ತು, ಒಂದೊಂದು ಅಕ್ಷರವೂ ಅದರಿಂದಲೇ ಬರ್ತಿತ್ತು. ನಾನು ಅದನ್ನ ಬೈದದ್ದೇ ಬೈದದ್ದು. ಇನ್ನು ಬರುತ್ತೋ ಇಲ್ಲವೋ. ಬಂದ್ರೂ ಪೂರ್ತಿ ಬರಲ್ಲ ಅಂದಿದ್ದಾರೆ.”

“ಬಂದರೆ ನನಗೆ ಹೇಳು,” ಅಂದರು ಗುರುಗಳು.

ವೈಕುಂಠಯ್ಯ ನೀರು ಬಿಡಲಿಲ್ಲ, ಮುಕ್ಕಳಿಸುವುದು ಬಿಡಲಿಲ್ಲ. ಜಪಮಣಿಯ ಪಕ್ಕದಲ್ಲೇ ಮೆತ್ತನೆ ಬ್ರಷ್ಷು, ಫ್ಲೋರೈಡು. ಗಮ್ಮನ್ನು ಮರದ ಹಿಂದೆ ನಿಂತು ಅಗಿಯುವುದನ್ನು ನಿಲ್ಲಿಸಿ ಜಗಲಿಯ ಮೇಲೆ ಕೂತೇ ಅಗಿದ. ಆರು ತಿಂಗಳು ಬಿಟ್ಟು ಡಾಕ್ಟರಮ್ಮ ನೋಡಿದರು. ಐದನೇ ಹಲ್ಲಿಗೆ ಹುಳುಕು ಹತ್ತಿರಲಿಲ್ಲ. ಕೀಳುವ ಮಾತೂ ಬರಲಿಲ್ಲ.

ಕರೆಂಟು ಮುಗಿದು ಒಂದು ವರ್ಷವಾಗಿತ್ತು. ಸಂಜೆ ಓದಿಗೆ ಮುಂಚೆ ಸಾತಮ್ಮ ಅಡುಗೆಮನೆಯ ಹಿಂದೆ ಕೂತು ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚುತ್ತಿದ್ದಳು. ವೈಕುಂಠಯ್ಯ ಆ ದಾರಿಯಲ್ಲಿ ಬಂದ. ಸೊನೆಯ ವಾಸನೆ ಮೂಗಿಗೆ ಬಡಿಯಿತು.

ಹೆಜ್ಜೆ ನಿಂತಿತು.

“ಏನಾಯ್ತು ಅಯ್ನೋರೇ?”

ಅವನು ಸುಮ್ಮನಿರು ಎಂದು ಕೈ ಮಾಡಿದ. ಬಾಯಿ ಮುಚ್ಚಿ, ಕಣ್ಣು ಮುಚ್ಚಿ ನಿಂತ. ಆಮೇಲೆ ಪಂಚೆ ಎತ್ತಿ ಕಟ್ಟಿಕೊಂಡು ಓಡಿದ. ಸಾತಮ್ಮ ಈಳಿಗೆಮಣೆ ಬಿಟ್ಟು ಅವನ ಹಿಂದೆಯೇ ಓಡಿದಳು.

“ಗುರುಗಳೇ! ಬಂತು! ಎಂಜಲು ಬಂತು!”

ಆಶ್ರಮದಲ್ಲಿ ಆ ಮಾತನ್ನು ಯಾರೂ ಅಷ್ಟು ಜೋರಾಗಿ ಹೇಳಿರಲಿಲ್ಲ. ಗುರುಗಳು ಆಗಲೇ ವ್ಯಾಸಪೀಠದ ಮುಂದೆ ಕೂತು ಗ್ರಂಥದ ಮೇಲೆ ಬೆರಳಾಡಿಸುತ್ತಿದ್ದರು.

“ಎಷ್ಟು ಬಂತು?”

“ಒಂದು ಹನಿ. ನಾಲಿಗೆ ಕೆಳಗೆ. ಇದೆ, ಇನ್ನೂ ಇದೆ!”

ಅವನು ಅಳುತ್ತಿದ್ದ, ನಗುತ್ತಿದ್ದ. ಬಾಗಿಲಲ್ಲಿ ಸಾತಮ್ಮನೂ ಕಣ್ಣೊರೆಸಿಕೊಳ್ಳುತ್ತಿದ್ದಳು.

“ಯಾರಿಗೆ ಅಂತ ಕೈ ಮುಗೀಲಿ ಗುರುಗಳೇ? ಡಾಕ್ಟರಮ್ಮನಿಗೋ, ನಿಮಗೋ, ಈ ತಾಯಿಗೋ?”

ಗುರುಗಳು ಗ್ರಂಥವನ್ನು ಅವನ ಕಡೆಗೆ ಸರಿಸಿದರು. ಪಕ್ಕದಲ್ಲಿದ್ದ ಒದ್ದೆ ಬಟ್ಟೆಯನ್ನು ತೆಗೆದು ತಮ್ಮ ಹಿಂದೆ ಇಟ್ಟುಕೊಂಡರು.

“ಕೈ ಆಮೇಲೆ ಮುಗಿಯೋವಂತೆ. ಇಲ್ಲಿ ಎರಡು ಹಾಳೆ ಅಂಟಿಕೊಂಡಿವೆ, ಬಾ, ಬಿಡಿಸು.”