ಆರುನೂರು ವ್ಯಾಟಿನ ಹಾಲಪ್ಪ

ಹೊಳೆದಂಡೆಯ ಆ ಆಶ್ರಮದಲ್ಲಿ ದೇವರ ಪಟಗಳಿಗಿಂತ ರಿಪೇರಿಗೆ ಬಂದ ರೇಡಿಯೋಗಳೇ ಹೆಚ್ಚು.

ಅಲ್ಲಿನ ಗುರು ಮುರಿಗಯ್ಯಜ್ಜ ದೀಕ್ಷೆ ಕೊಡುತ್ತಿರಲಿಲ್ಲ, ಕಾಲಿಗೆ ಬೀಳಿಸಿಕೊಳ್ಳುತ್ತಿರಲಿಲ್ಲ. ಬೆಸುಗೆ ಹಾಕುವುದನ್ನು ಕಲಿಸುತ್ತಿದ್ದ. ಬೇರೆ ಏನಾದರೂ ಕೇಳಿದವರಿಗೆ ನೆಟ್ಟಗೆ ಉತ್ತರ ಸಿಗುತ್ತಿರಲಿಲ್ಲ.

ಒಂದು ಶನಿವಾರ ಬೆಳಿಗ್ಗೆ ಶಿಷ್ಯ ಹಾಲಪ್ಪ ಲಗೇಜ್ ಆಟೋದಲ್ಲಿ ಎರಡು ಸ್ಪೀಕರು, ಒಂದು ಆಂಪ್ಲಿಫೈಯರ್ ಹೇರಿಕೊಂಡು ಬಂದ. ಸ್ಪೀಕರುಗಳು ಆಳೆತ್ತರ, ಬಾಯಿ ಕಹಳೆಯ ಹಾಗೆ ಅಗಲ. ಆಂಪ್ಲಿಫೈಯರ್ ಇಳಿಸಲು ಮೂರು ಜನ ಬೇಕಾಯಿತು.

"ಅಜ್ಜಾ, ಈ ಸ್ಪೀಕರು ಕೆಟ್ಟಿವೆ."

"ಯಾರು ಹೇಳಿದ್ದು?"

"ನಾನೇ. ಹಾಡು ಹಾಕದೇ ಇದ್ದರೂ ಸುಯ್ ಅಂತಾವೆ. ನಾಳೆಯೊಳಗೆ ಸರಿಹೋಗಬೇಕು. ಇಲ್ಲದಿದ್ದರೆ ನನ್ನ ಸಂಸಾರ ಮುಗೀತು."

ಅಜ್ಜ ಕೂರಲು ಹೇಳಿದ. ಹಾಲಪ್ಪ ಕೂತು ಎಲ್ಲವನ್ನೂ ಕಕ್ಕಿದ.

ಸ್ಪೀಕರು ಅವನವಲ್ಲ, ಹೆಂಡತಿ ಕೊಟ್ರಮ್ಮನವು. ಅವಳಪ್ಪ ಟೂರಿಂಗ್ ಟಾಕೀಸಿನಲ್ಲಿ ಮಿಷನ್ ಓಡಿಸುತ್ತಿದ್ದ. ಡೇರೆ ಕೊನೆಯ ಸಲ ಕಿತ್ತಾಗ ಇವನ್ನು ಮನೆಗೆ ತಂದ, ಮಗಳ ಮದುವೆಯಲ್ಲಿ ಅವಳ ಜೊತೆ ಕಳಿಸಿದ. ಒಂದು ವ್ಯಾಟ್ ಕೊಟ್ಟರೆ ಡೇರೆಯ ಕೊನೆಯ ಸಾಲಿಗೂ ಕೇಳಿಸುವ ಸ್ಪೀಕರು. ಜೊತೆಗೆ ಹಳೇ ಕಾಲದ ಒಂದು ಪುಟ್ಟ ವಾಲ್ವ್ ಆಂಪ್ಲಿಫೈಯರ್ ಡಬ್ಬಿ, ಎಂಟು ವ್ಯಾಟಿನದು. ಕೊಟ್ರಮ್ಮ ದಿನಾ ಬೆಳಿಗ್ಗೆ ರೊಟ್ಟಿ ತಟ್ಟುತ್ತಾ ಅದರಲ್ಲಿ ಹಾಡು ಕೇಳುತ್ತಿದ್ದಳು. ಎಷ್ಟು ಸಣ್ಣಗೆ ಅಂದರೆ, ಹಾಡೂ ಕೇಳಬೇಕು, ರೊಟ್ಟಿ ಸದ್ದೂ ಕೇಳಬೇಕು.

ಗೆಳೆಯರು ಎಂಟು ವ್ಯಾಟಾ ಅಂತ ನಕ್ಕರು. ಹಾಲಪ್ಪ ಪೇಟೆಗೆ ಓಡಿದ.

ಅಂಗಡಿಯವನು ಸ್ಪೀಕರು ಯಾವುದು ಅಂತ ಕೇಳಲಿಲ್ಲ. ಮನೆ ಎಷ್ಟು ದೊಡ್ಡದು ಅಂತಲೂ ಕೇಳಲಿಲ್ಲ. ಮಾರುವವನಿಗೆ ಮನೆಯ ಅಳತೆ ಯಾಕೆ ಬೇಕು, ಬಂದವನ ಜಂಬದ ಅಳತೆ ಸಿಕ್ಕರೆ ಸಾಕು. ಆರುನೂರು ವ್ಯಾಟಿನ ಆಂಪ್ಲಿಫೈಯರ್ ಕಟ್ಟಿ ಕಳಿಸಿದ.

ಅಂದಿನಿಂದ ಆ ಎರಡು ಅಂಕಣದ ಮನೆಯಲ್ಲಿ ನೆಮ್ಮದಿ ಇಲ್ಲ. ಗುಂಡಿ ತಿರುಗಿಸದಿದ್ದರೆ ಬರೀ ಸುಯ್. ಎಳ್ಳುಕಾಳಿನಷ್ಟು ತಿರುಗಿಸಿದರೆ ನಾಗೊಂದಿಗೆಯ ಪಾತ್ರೆಗಳು ಕೆಳಗೆ. ಸುಯ್ ನಿಲ್ಲಿಸಲು ಹಾಲಪ್ಪ ಸ್ಪೀಕರಿನ ಬಾಯಿಗೆ ಬಟ್ಟೆ ತುರುಕಿದ. ಕೈಗೆ ಸಿಕ್ಕಿದ್ದು ಕೊಟ್ರಮ್ಮನ ಧಾರೆ ಸೀರೆ.

ಅವಳು ಕೂಗಾಡಲಿಲ್ಲ. ಸೀರೆ ಎಳೆದುಕೊಂಡು, ಕೊಡವಿ, ಮಡಚಿ, ಹರಿಗೋಲಿನಲ್ಲಿ ಹೊಳೆ ದಾಟಿ ತವರಿಗೆ ಹೋದಳು. ಅಂಬಿಗನ ಕೈಲಿ ಹೇಳಿಕಳಿಸಿದಳು. ಭಾನುವಾರ ಅಣ್ಣ ಬಂದು ಸ್ಪೀಕರು ಒಯ್ಯುತ್ತಾನೆ, ಅವು ಇಲ್ಲದ ಮನೆಗೆ ತಾನು ಬರುವುದಿಲ್ಲ.

ಅಜ್ಜ ಎಲ್ಲ ಕೇಳಿ, "ಕಿವಿ ಕೆರೀತಿದೆ, ಏನಾದರೂ ತಾ," ಅಂದ.

ಹಾಲಪ್ಪ ಅಂಗಳದಲ್ಲಿ ಹುಡುಕಿ ಕೋಳಿಪುಕ್ಕ ತಂದ.

"ಗೋಡೆಗೆ ಒರಗಿಸಿದ ಹಾರೆ ಕಾಣಲಿಲ್ಲವಾ?"

"ಕಂಡಿತು. ಕಿವಿಗೆ ಹಾರೆ ಹಾಕ್ತಾರಾ ಅಜ್ಜಾ?"

"ಪುಕ್ಕಕ್ಕಿಂತ ಹಾರೆ ಗಟ್ಟಿ."

"ಗಟ್ಟಿ ಹೌದು. ಕಿವಿ ಸೂಕ್ಷ್ಮ ಅಲ್ಲವಾ?"

ಅಜ್ಜ ಕಣ್ಣು ಮುಚ್ಚಿ, ಪುಕ್ಕ ತಿರುಗಿಸುತ್ತಾ ಬಹಳ ಹೊತ್ತು ಸುಖಪಟ್ಟ. ಹಾಲಪ್ಪ ಕಾದ.

"ಸ್ಪೀಕರಿನ ವಿಷಯ, ಅಜ್ಜಾ."

"ಅದನ್ನೇ ಈಗ ಮಾತಾಡಿದ್ದು."

ಹಾಲಪ್ಪ ತಲೆ ಕೆರೆದುಕೊಂಡ. ಸಾವಿರ ವ್ಯಾಟಿನದು ತಂದರೆ ಸುಯ್ ಅಡಗಬಹುದು ಅಂತ ಅಂಗಡಿಯವನು ಹೇಳಿದ್ದನ್ನು ಹೇಳಿದ.

ಅಜ್ಜ ಎದ್ದು ಹೋಗಿ ಹಾರೆ ತಂದು ಅವನ ಕೈಗೆ ಕೊಟ್ಟ. "ಅರ್ಥ ಆಗೋವರೆಗೂ ಕೆಳಗಿಡಬೇಡ."

ಹಾಲಪ್ಪ ಹಾರೆಯನ್ನು ಹೆಗಲಿಗಿಟ್ಟುಕೊಂಡು ನಿಂತ. ಅಜ್ಜ ಸ್ಪೀಕರಿಗೆ ವೈರು ಸೇರಿಸಿ, ನಡುವೆ ಮೀಟರಿಟ್ಟು, ಆರುನೂರರ ಗುಂಡಿಯನ್ನು ಕೂದಲಿನಷ್ಟು ತಿರುಗಿಸಿದ. ಹಾಡು ಬಂತು. ಹಿತವಾಯಿತಾ ಅಂತ ಕೇಳಿದ. ಹಿತವಾಗಿದೆ, ಇದಕ್ಕಿಂತ ಜಾಸ್ತಿ ಆದರೆ ಮಾಡು ಹಾರುತ್ತೆ ಅಂದ ಹಾಲಪ್ಪ.

"ಮೀಟರು ನೋಡು."

ಮುಳ್ಳು ಎದ್ದಂತೆಯೇ ಕಾಣಲಿಲ್ಲ. ಹಾಲಪ್ಪ ಬಗ್ಗಿ ನೋಡಿದ. ಕಾಲು ವ್ಯಾಟ್.

"ಉಳಿದದ್ದು ಯಾಕೆ ಅಜ್ಜಾ ಮತ್ತೆ?"

"ಅದು ಸ್ಪೀಕರಿಗಲ್ಲ. ನಿನ್ನ ಗೆಳೆಯರಿಗೆ ತಂದದ್ದು."

"ಈ ಸುಯ್?"

"ದೊಡ್ಡ ಮಿಷನ್ನು, ಸುಮ್ಮನಿದ್ದಾಗಲೂ ಏದುಸಿರು ಬಿಡುತ್ತೆ. ಮೊಂಡು ಸ್ಪೀಕರಿಗೆ ಅದು ತಾಗೋದಿಲ್ಲ. ಇವಕ್ಕೆ ತಾಗುತ್ತೆ. ಇವು ಕೆಟ್ಟಿಲ್ಲ ಮಾರಾಯ, ನೀನು ಬಿಟ್ಟ ಉಸಿರನ್ನೂ ಕೇಳಿಸಿಕೊಳ್ತಾ ಇವೆ."

ಅಜ್ಜ ಮೂಲೆಯ ಗುಜರಿ ರಾಶಿಯಿಂದ ಒಂದು ಡಬ್ಬಿ ಎಳೆದ. ಹಾಲಪ್ಪನ ಮುಖ ಸಣ್ಣಗಾಯಿತು. ಹೊಸದು ಬಂದ ದಿನ ಅವನೇ ತಂದು ಎಸೆದು ಹೋಗಿದ್ದ ಮಾವನ ಡಬ್ಬಿ ಅದು. ಅಜ್ಜ ಧೂಳು ಒರೆಸಿ, ಒಂದು ತುಂಡು ವೈರು ಬದಲಿಸಿ, ಸ್ಪೀಕರಿಗೆ ಸೇರಿಸಿದ. ವಾಲ್ವುಗಳು ನಿಧಾನ ಕೆಂಪಾದವು.

ಸುಯ್ ಇರಲಿಲ್ಲ. ಹಾಡಿತ್ತು. ಹಾಡಿನ ಹಿಂದೆ ಹುಣಸೆಮರದ ಗಿಳಿಗಳು ಕೇಳಿದವು, ಅಂಬಿಗನ ಹುಟ್ಟು ನೀರಿಗೆ ಬೀಳುವುದೂ ಕೇಳಿತು.

ಹಾಲಪ್ಪನಿಗೆ ರೊಟ್ಟಿ ತಟ್ಟುವ ಸದ್ದಿನ ನೆನಪಾಗಿತ್ತು.

ಆಚೆ ದಡದ ಮೆಟ್ಟಿಲ ಮೇಲೆ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಣ್ಣು ಕಿರಿದು ಮಾಡಿ ನೋಡಿದ. ಕೊಟ್ರಮ್ಮ. ಇಲ್ಲಿಂದ ಹೆಬ್ಬೆರಳಿನಷ್ಟು ಕಾಣುತ್ತಿದ್ದಳು.

ಅವನು ದಡಬಡಿಸಿ ಆರುನೂರರ ಕಡೆಗೆ ಓಡಿದ.

"ಅಜ್ಜಾ, ಮೈಕ್ ಇದೆಯಾ? ಇದು ಈಗ ಉಪಯೋಗಕ್ಕೆ ಬಂತು. ತಪ್ಪಾಯ್ತು ಅಂತ ಇಲ್ಲಿಂದಲೇ ಹೇಳಿಬಿಡ್ತೀನಿ. ಎರಡೂ ದಡಕ್ಕೆ ಕೇಳಲಿ."

ಅಜ್ಜ ಹಾಡು ನಿಲ್ಲಿಸಿದ. ವಾಲ್ವ್ ಡಬ್ಬಿಯನ್ನು ಬಿಚ್ಚಿ, ಪಂಚೆಯ ತುಂಡಿನಲ್ಲಿ ಸುತ್ತಿ, ಹಾಲಪ್ಪನ ಕಂಕುಳಿಗೆ ಇಟ್ಟ. ಈ ಕಂಕುಳಲ್ಲಿ ಡಬ್ಬಿ, ಆ ಹೆಗಲ ಮೇಲೆ ಹಾರೆ. ಮೈಕ್ ಹಿಡಿಯಲು ಹಾಲಪ್ಪನಿಗೆ ಕೈ ಉಳಿದಿರಲಿಲ್ಲ.

"ಮೈಕ್ ಇಲ್ಲದೆ ಅವಳಿಗೆ ಹೇಗೆ ಕೇಳಿಸುತ್ತೆ ಅಜ್ಜಾ? ಹೊಳೆ ಇಷ್ಟು ಅಗಲ ಇದೆ."

ಅಜ್ಜ ದಡದ ಕಡೆ ನೋಡಿದ.

"ಹರಿಗೋಲು ಹೊರಡ್ತಾ ಇದೆ. ಹಾರೆ ಇಲ್ಲಿಟ್ಟು ಹೋಗು."